ಗೊತ್ತಾಗಿ ಏನು ಮಾಡೋದು?

ಇಟಲಿಯ ಪಕ್ಷಗಳೆಲ್ಲ ಒಂದೇ ಮಾತಿಗೆ ಕೈ ಎತ್ತುವುದು ಅಪರೂಪ. ಅಲ್ಲಿ ಸರ್ಕಾರಗಳು ಬೀಳುವ ವೇಗದ ಮುಂದೆ ನಮ್ಮ ರೆಸಾರ್ಟ್ ರಾಜಕಾರಣವೂ ಸಪ್ಪೆ. ಅಂಥ ದೇಶದ ಸೆನೆಟ್ 2023ರ ಸೆಪ್ಟೆಂಬರಿನಲ್ಲಿ ಒಂದು ಮಸೂದೆಗೆ ಒಮ್ಮತದಿಂದ ಹೂಂ ಅಂದಿತು. 130ನೇ ಸಂಖ್ಯೆಯ ಆ ಕಾನೂನಿನ ತಿರುಳು ಇಷ್ಟು: ಒಂದರಿಂದ ಹದಿನೇಳು ವರ್ಷದ ಮಕ್ಕಳಲ್ಲಿ ಟೈಪ್ 1 ಮಧುಮೇಹ ಮತ್ತು ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಮುನ್ಸೂಚನೆ ಇದೆಯೇ ಎಂದು ರಕ್ತ ಪರೀಕ್ಷಿಸಿ ನೋಡುವ ರಾಷ್ಟ್ರೀಯ ಕಾರ್ಯಕ್ರಮ ಆಗಬೇಕು, ಖರ್ಚು ಸರ್ಕಾರದ್ದು. ಪರೀಕ್ಷೆ ಜ್ವರ ಬಂದು ಮಲಗಿದ ಮಕ್ಕಳಿಗಲ್ಲ, ಆಡಿಕೊಂಡು ಓಡಿಕೊಂಡು ಇರುವ ಮಕ್ಕಳಿಗೆ. ಇಂಥದ್ದನ್ನು ಕಾನೂನಾಗಿ ಬರೆದಿಟ್ಟ ಮೊದಲ ದೇಶ ಇಟಲಿ.

ಈ ಸುದ್ದಿಯನ್ನು ನಮ್ಮ ಬಡಾವಣೆಯ ಪಾರ್ಕಿನ ವಾಕಿಂಗ್ ಗುಂಪಿನಲ್ಲಿ ಹೇಳಿದಾಗ ಮೊದಲು ಬಂದ ಮಾತು ಇದು: "ಅಲ್ಲಾ ಸಾರ್, ಮಗು ಚೆನ್ನಾಗಿದೆ. ಅದರ ಬೆರಳು ಚುಚ್ಚಿ, ಮುಂದೆ ಶುಗರ್ ಬರುತ್ತೆ ಅಂತ ತಿಳ್ಕೊಂಡು, ಅದನ್ನು ತಡೆಯೋಕೂ ಆಗಲ್ಲ ಅಂದ್ಮೇಲೆ ಗೊತ್ತಾಗಿ ಏನು ಮಾಡೋದು?" ಹೇಳಿದವರು ಎರಡು ಮೊಮ್ಮಕ್ಕಳ ತಾತ. ಪಕ್ಕದಲ್ಲಿದ್ದ ನಿವೃತ್ತ ಮೇಡಂ ಒಬ್ಬರು ತಡಮಾಡಲಿಲ್ಲ: "ಮೊಮ್ಮಗೂಗೆ ಜಾತಕ ಬರೆಸುವಾಗ ಈ ಪ್ರಶ್ನೆ ಯಾಕೆ ಕೇಳಲಿಲ್ಲ ನೀವು?" ಎಲ್ಲರೂ ನಕ್ಕರು, ತಾತನೂ ನಕ್ಕರು. ಆದರೆ ಪ್ರಶ್ನೆ ಅಲ್ಲೇ ಉಳಿಯಿತು.

ಆ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವ ವೈದ್ಯರನ್ನು ನಾನು ಕಂಡಿದ್ದೇನೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಕೇಳುತ್ತಿರುವ ವಿಳಾಸ ಮಾತ್ರ ತಪ್ಪು. ಅದನ್ನು ಪರೀಕ್ಷೆಯಿಂದ ತಪ್ಪಿಸಿಕೊಳ್ಳಲು ವೈದ್ಯರ ಮುಂದೆ ಇಡುತ್ತೇವೆ. ಇಡಬೇಕಾದದ್ದು ಪರೀಕ್ಷೆ ನಡೆಸಲು ಹೊರಟ ಸರ್ಕಾರದ ಮುಂದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಶುಗರ್ ಎಂದರೆ ಐವತ್ತರ ಆಸುಪಾಸಿನ, ಹೊಟ್ಟೆ ಬಂದ, ಕಾಫಿಗೆ ಸಕ್ಕರೆ ಬೇಡವೆಂದು ಹೇಳಿ ಮದುವೆ ಮನೆಯಲ್ಲಿ ಎರಡನೇ ಸಲ ಜಿಲೇಬಿ ಹಾಕಿಸಿಕೊಳ್ಳುವ ಮನುಷ್ಯನ ಕಾಯಿಲೆ. ಟೈಪ್ 1 ಅದಲ್ಲ. ಇಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮೇಲೆ ತಿರುಗಿ ಬೀಳುತ್ತದೆ. ಮಗು ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಯಿ ಬಸುರಿಯಾಗಿದ್ದಾಗ ಮಾವಿನ ಹಣ್ಣು ತಿಂದದ್ದಕ್ಕೂ ಇಲ್ಲ. ಕೋಶಗಳು ಬಹುಪಾಲು ನಾಶವಾದ ಮೇಲೆ ಬದುಕಿರುವಷ್ಟು ದಿನ ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕು.

ಈ ದಾಳಿ ಒಂದು ದಿನದಲ್ಲಿ ಮುಗಿಯುವುದಿಲ್ಲ. ಎಷ್ಟೋ ತಿಂಗಳು, ಕೆಲವರಲ್ಲಿ ಎಷ್ಟೋ ವರ್ಷ ಸದ್ದಿಲ್ಲದೆ ನಡೆಯುತ್ತದೆ. ನಡೆಯುತ್ತಿರುವಾಗ ರಕ್ತದಲ್ಲಿ ಹೆಜ್ಜೆ ಗುರುತು ಬಿಡುತ್ತದೆ. ಅವೇ ಆಂಟಿಬಾಡಿಗಳು. ಮುಖ್ಯವಾಗಿ ನೋಡುವುದು ನಾಲ್ಕನ್ನು: ಇನ್ಸುಲಿನ್ ವಿರುದ್ಧದ್ದು, ಜಿಎಡಿ, ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್ 8. ಇವುಗಳಲ್ಲಿ ಒಂದೇ ಇದ್ದರೆ ಅಪಾಯ ಅಷ್ಟಿಲ್ಲ. ಎರಡು ಅಥವಾ ಹೆಚ್ಚು ಇದ್ದರೆ ಕತೆ ಬೇರೆ. ಅಮೆರಿಕದ ಕೊಲರಾಡೊ, ಫಿನ್ಲೆಂಡ್ ಮತ್ತು ಜರ್ಮನಿಯಲ್ಲಿ ಹುಟ್ಟಿನಿಂದ ಗಮನಿಸುತ್ತ ಬಂದ 13 ಸಾವಿರಕ್ಕೂ ಹೆಚ್ಚು ಮಕ್ಕಳ ಲೆಕ್ಕವನ್ನು 2013ರಲ್ಲಿ ಒಟ್ಟುಗೂಡಿಸಿದರು. ಎರಡು ಅಥವಾ ಹೆಚ್ಚು ಆಂಟಿಬಾಡಿ ಕಂಡ ಮಕ್ಕಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿ ಹತ್ತು ವರ್ಷದೊಳಗೆ ಮಧುಮೇಹಿಗಳಾಗಿದ್ದರು. ಹೀಗಾಗಿ 2015ರಿಂದ ತಜ್ಞರು ಇದನ್ನು 'ಅಪಾಯ' ಎನ್ನುವುದನ್ನು ಬಿಟ್ಟು ಕಾಯಿಲೆಯ ಮೊದಲ ಹಂತ ಎಂದೇ ಕರೆಯುತ್ತಿದ್ದಾರೆ. ಸಕ್ಕರೆ ಪ್ರಮಾಣ ತುಸು ಏರುಪೇರಾದರೆ ಎರಡನೇ ಹಂತ. ಬಾಯಾರಿಕೆ, ತೂಕ ಇಳಿಕೆ ಶುರುವಾಗಿ ನಾವು ನೀವು ಗುರುತಿಸುವ ಮಧುಮೇಹ ಮೂರನೆಯದು.

ಪಾರ್ಕಿನ ತಾತನ ಪ್ರಶ್ನೆಯ ಪರವಾಗಿ ಒಂದು ಮಾತು. ಮಕ್ಕಳನ್ನು ಮೊದಲೇ ಪರೀಕ್ಷಿಸಿದರೆ ಒಳ್ಳೆಯದೇ ಆಗುತ್ತದೆ ಎಂದು ನಂಬಿ ಕೈ ಸುಟ್ಟುಕೊಂಡ ದೇಶಗಳಿವೆ. ಜಪಾನ್ 1980ರ ದಶಕದ ಮಧ್ಯದಿಂದ ಎಳೆಗೂಸುಗಳ ಮೂತ್ರ ಪರೀಕ್ಷಿಸಿ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರನ್ನು ಹುಡುಕತೊಡಗಿತು. ಗಡ್ಡೆಗಳು ಸಿಕ್ಕವು, ಬೇಕಾದಷ್ಟು ಸಿಕ್ಕವು. ಆದರೆ 2002ರಲ್ಲಿ ಕೆನಡಾದ ಕ್ವಿಬೆಕ್ ಮತ್ತು ಜರ್ಮನಿಯಿಂದ ಬಂದ ಎರಡು ವರದಿಗಳು, ಹೀಗೆ ಹುಡುಕುವುದರಿಂದ ಈ ಕ್ಯಾನ್ಸರಿನ ಸಾವು ತಗ್ಗುವುದಿಲ್ಲ ಎಂದು ತೋರಿಸಿದವು. ತಾವಾಗಿ ಕರಗಿ ಹೋಗುತ್ತಿದ್ದ ಗಡ್ಡೆಗಳಿಗೆ ಎಷ್ಟೋ ಕೂಸುಗಳು ಶಸ್ತ್ರಚಿಕಿತ್ಸೆ, ಕೀಮೋ ಅನುಭವಿಸಿದ್ದವು. 2004ರ ಹೊತ್ತಿಗೆ ಜಪಾನ್ ಕಾರ್ಯಕ್ರಮವನ್ನೇ ನಿಲ್ಲಿಸಿತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು 1968ರಷ್ಟು ಹಿಂದೆಯೇ ತಪಾಸಣೆಗೆ ನಿಯಮಗಳನ್ನು ಬರೆದಿದ್ದರು. ಒಪ್ಪಿತ ಚಿಕಿತ್ಸೆ ಇರಬೇಕು, ರೋಗ ಪತ್ತೆಯ ಮತ್ತು ಚಿಕಿತ್ಸೆಯ ಸೌಲಭ್ಯ ಇರಬೇಕು, ಪರೀಕ್ಷೆ ಜನರಿಗೆ ಒಪ್ಪಿಗೆಯಾಗುವಂತಿರಬೇಕು ಎಂದು ಅದರಲ್ಲಿದೆ. ಅಂದರೆ 'ಗೊತ್ತಾಗಿ ಏನು ಮಾಡೋದು' ಎಂಬುದು ಜಿನೀವಾದಲ್ಲೂ ಮಾನ್ಯವಾದ ಪ್ರಶ್ನೆ.

ಟೈಪ್ 1ರ ವಿಷಯದಲ್ಲಿ ಉತ್ತರದ ಬಹುಭಾಗ ಒಂದು ಕೆಟ್ಟ ರಾತ್ರಿಯನ್ನು ತಪ್ಪಿಸುವುದರಲ್ಲಿದೆ.

ಆ ರಾತ್ರಿ ಹೇಗಿರುತ್ತದೆ ಎಂಬುದನ್ನು ಈ ಮಕ್ಕಳ ತಂದೆ ತಾಯಂದಿರು ಹೆಚ್ಚುಕಮ್ಮಿ ಒಂದೇ ರೀತಿ ಹೇಳುತ್ತಾರೆ. ಮೂರು ವಾರದಿಂದ ಮಗು ಚೊಂಬುಗಟ್ಟಲೆ ನೀರು ಕುಡಿಯುತ್ತಿತ್ತು, ಬೇಸಿಗೆ ಅಂದುಕೊಂಡೆವು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ವರ್ಷಗಳಾಗಿದ್ದ ಹುಡುಗಿ ಮತ್ತೆ ಮಾಡತೊಡಗಿದಳು, ಬೈದೆವು. ಬಟ್ಟೆ ಸಡಿಲವಾಯಿತು, ಉದ್ದ ಆಗುತ್ತಿದ್ದಾಳೆ ಅಂದರು ಅತ್ತೆ. ಒಂದು ದಿನ ಹೊಟ್ಟೆನೋವು, ವಾಂತಿ. ಹತ್ತಿರದ ಕ್ಲಿನಿಕ್ಕಿನಲ್ಲಿ 'ಗ್ಯಾಸ್ಟ್ರಿಕ್' ಎಂದು ಸೂಜಿ ಚುಚ್ಚಿದರು. ಸುಸ್ತು ಎಂದು ಗ್ಲೂಕೋಸ್ ಡ್ರಿಪ್ ಏರಿಸಿದರು. ಉಸಿರಾಟ ಆಳವಾಯಿತು, ವೇಗವಾಯಿತು, ಬಾಯಿಂದ ಹಣ್ಣು ಕೊಳೆತಂಥ ವಾಸನೆ. ದೊಡ್ಡಾಸ್ಪತ್ರೆಗೆ ಓಡುವಷ್ಟರಲ್ಲಿ ಮಗುವಿಗೆ ಪ್ರಜ್ಞೆ ಇರಲಿಲ್ಲ. ಇದರ ಹೆಸರು ಡಯಾಬಿಟಿಕ್ ಕೀಟೋಆಸಿಡೋಸಿಸ್, ಆಸ್ಪತ್ರೆಯ ಮಾತಿನಲ್ಲಿ ಡಿಕೆಎ. ಇನ್ಸುಲಿನ್ ಇಲ್ಲದ ದೇಹ ಕೊಬ್ಬನ್ನು ಸುಟ್ಟು ಆಮ್ಲ ತುಂಬಿಕೊಳ್ಳುವ ಸ್ಥಿತಿ. ಸಕ್ಕರೆ ಉಕ್ಕುತ್ತಿರುವ ಮೈಗೆ ಡ್ರಿಪ್‌ನಲ್ಲಿ ಇನ್ನಷ್ಟು ಸಕ್ಕರೆ ಕೊಟ್ಟದ್ದನ್ನು ನೆನೆದು ಎಷ್ಟೋ ತಾಯಂದಿರು ಇವತ್ತಿಗೂ ಒಳಗೊಳಗೇ ಬೇಯುತ್ತಾರೆ.

ಈಗ ಜರ್ಮನಿಯ ಬವೇರಿಯಾಕ್ಕೆ ಬನ್ನಿ. ಮ್ಯೂನಿಕ್‌ನ ಆನೆಟ್ ಗೇಬ್ರಿಯೆಲ್ ಝೀಗ್ಲರ್ ಅವರ ತಂಡ 2015ರಲ್ಲಿ 'ಫ್ರಿಡಾ' ಎಂಬ ಕಾರ್ಯಕ್ರಮ ಶುರುಮಾಡಿತು. ವಿಶೇಷ ಶಿಬಿರವಿಲ್ಲ, ಮೈಕಿಲ್ಲ, ಬ್ಯಾನರಿಲ್ಲ. ಮಾಮೂಲು ತಪಾಸಣೆಗೆ ಬಂದ ಎರಡರಿಂದ ಐದು ವರ್ಷದ ಆಸುಪಾಸಿನ ಮಕ್ಕಳಿಗೆ ಅವರ ದಿನನಿತ್ಯದ ಮಕ್ಕಳ ಡಾಕ್ಟರೇ ಬೆರಳು ಚುಚ್ಚಿ ನಾಲ್ಕು ಹನಿ ರಕ್ತ ತೆಗೆದು ಲ್ಯಾಬಿಗೆ ಕಳಿಸುವುದು. 2020ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ 90,632 ಮಕ್ಕಳಿದ್ದರು. 280 ಮಕ್ಕಳಲ್ಲಿ ಎರಡು ಅಥವಾ ಹೆಚ್ಚು ಆಂಟಿಬಾಡಿ ಸಿಕ್ಕವು, ಅಂದರೆ ಸಾವಿರಕ್ಕೆ ಮೂವರು. ಅವರ ಪೈಕಿ 62 ಮಕ್ಕಳು ಆ ಹೊತ್ತಿಗೆ ಮೂರನೇ ಹಂತ ತಲುಪಿದ್ದರು. ಡಿಕೆಎ ಆದದ್ದು ಇಬ್ಬರಿಗೆ ಮಾತ್ರ. ತಪಾಸಣೆ ಇಲ್ಲದ ಕಡೆ ಜರ್ಮನಿಯಲ್ಲೇ ಸುಮಾರು ಐದು ಮಕ್ಕಳಲ್ಲಿ ಒಬ್ಬರು ಡಿಕೆಎಯೊಂದಿಗೆ ಆಸ್ಪತ್ರೆ ಸೇರುತ್ತಾರೆ. ಅಮೆರಿಕದಲ್ಲಿ ಈ ಪಾಲು ಇನ್ನೂ ಹೆಚ್ಚು.

ಈ ಅಂಕಿಗಳನ್ನು ಎಲ್ಲರೂ ಉದ್ಧರಿಸುತ್ತಾರೆ. ನನಗೆ ಹೆಚ್ಚು ಮುಖ್ಯವೆನಿಸಿದ್ದು ಅದೇ ಅಧ್ಯಯನದ ಇನ್ನೊಂದು ಕೆಲಸ. ಅವರು ಮಕ್ಕಳ ರಕ್ತದ ಜೊತೆಗೆ ತಾಯಂದಿರ ಮನಸ್ಸನ್ನೂ ಪ್ರಶ್ನಾವಳಿ ಕೊಟ್ಟು ಅಳೆದರು. ಫಲಿತಾಂಶ ಕೇಳಿದ ಹೊಸದರಲ್ಲಿ ಆತಂಕ ಏರಿತ್ತು. ವರ್ಷ ಕಳೆಯುವಷ್ಟರಲ್ಲಿ ಅದು ಇಳಿದಿತ್ತು. ಇಳಿದದ್ದು ಕಾಲ ಕಳೆದದ್ದಕ್ಕೆ ಮಾತ್ರ ಎಂದು ನಾನು ನಂಬುವುದಿಲ್ಲ. ಪಾಸಿಟಿವ್ ಬಂದ ಪ್ರತಿ ಕುಟುಂಬವನ್ನೂ ಅಲ್ಲಿ ಕೂರಿಸಿ ಕಾಯಿಲೆಯ ಬಗ್ಗೆ ಪಾಠ ಹೇಳಿದ್ದರು, ಯಾವ ಲಕ್ಷಣ ಕಂಡರೆ ಏನು ಮಾಡಬೇಕೆಂದು ತಿಳಿಸಿದ್ದರು, ಮುಂದಿನ ತಪಾಸಣೆಗಳಿಗೆ ಒಂದು ಜಾಗ ಗೊತ್ತುಮಾಡಿದ್ದರು. ಹೇಳಿಬಿಟ್ಟು ಕೈತೊಳೆದುಕೊಳ್ಳಲಿಲ್ಲ.

ಪೋಷಕರ ಮನಸ್ಸು ಮಾತ್ರ ಪ್ರಶ್ನಾವಳಿಗೆ ಅಷ್ಟು ಸುಲಭವಾಗಿ ಸಿಗುವುದಲ್ಲ. ಅಮೆರಿಕ, ಫಿನ್ಲೆಂಡ್, ಜರ್ಮನಿ, ಸ್ವೀಡನ್‌ಗಳಲ್ಲಿ ನಡೆದ 'ಟೆಡ್ಡಿ' ಎಂಬ ದೊಡ್ಡ ಅಧ್ಯಯನದಲ್ಲಿ ಸಂಶೋಧಕರಿಗೆ ಒಂದು ವಿಚಿತ್ರ ಕಂಡಿತು. ನಿಮ್ಮ ಮಗುವಿಗೆ ಅಪಾಯ ಹೆಚ್ಚು ಎಂದು ಸ್ಪಷ್ಟವಾಗಿ ಹೇಳಿಸಿಕೊಂಡ ಪೋಷಕರಲ್ಲಿ ಅನೇಕರು, ಸ್ವಲ್ಪ ಕಾಲದ ನಂತರ ಕೇಳಿದಾಗ 'ಎಲ್ಲ ಮಕ್ಕಳಷ್ಟೇ' ಎಂದರು. ಕೇಳಿದ್ದನ್ನು ಮರೆತರೋ, ಮರೆಯಲು ಬಯಸಿದರೋ. ಫ್ಲಾರಿಡಾದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಇದಕ್ಕೆ ವ್ಯತಿರಿಕ್ತ. ಅಪಾಯವಿದೆ ಎಂದು ಗೊತ್ತಾದ ತಾಯಂದಿರಲ್ಲಿ ಬಹುಪಾಲು ಮಂದಿ ಮಗುವಿನ ಊಟ ಬದಲಿಸಿದ್ದರು, ಆಟ ಹೆಚ್ಚಿಸಿದ್ದರು, ಒಂದಲ್ಲ ಒಂದು ಕಟ್ಟುಪಾಡು ಹಾಕಿದ್ದರು. ಅವುಗಳಲ್ಲಿ ಯಾವುದೂ ಟೈಪ್ 1ನ್ನು ತಡೆಯುತ್ತದೆ ಎನ್ನಲು ಆಧಾರವಿಲ್ಲ. ಆದರೆ ಅಪಾಯ ಗೊತ್ತಾದ ಮೇಲೆ ಕೈಕಟ್ಟಿ ಕೂರಲು ಯಾವ ತಾಯಿಗೆ ಸಾಧ್ಯ? ನಮ್ಮೂರಲ್ಲಾದರೆ ಹಾಗಲಕಾಯಿ ರಸ, ಮೆಂತ್ಯದ ನೀರು, ಯಾವುದೋ ಬೇರು, ಒಂದು ಹರಕೆ, ಒಬ್ಬ ನಾಟಿ ವೈದ್ಯ ಎಲ್ಲ ವಾರದೊಳಗೆ ಸಾಲುಗಟ್ಟುತ್ತಾರೆ. ಇನ್ನೂ ಕಾಯಿಲೆಯೇ ಬಾರದ ಮಗುವಿನ ಹುಟ್ಟುಹಬ್ಬಕ್ಕೆ ಕೇಕ್ ನಿಲ್ಲುತ್ತದೆ. ಮಗು ಕೇಳುತ್ತದೆ: "ನನಗೇನಾಗಿದೆ?" ಈ ಪ್ರಶ್ನೆಗೆ ಯಾರು ಉತ್ತರ ಹೇಳಬೇಕು, ಯಾವ ವಯಸ್ಸಿನಲ್ಲಿ ಹೇಳಬೇಕು ಎಂಬುದನ್ನು ಯಾವ ಕಾನೂನೂ ಬರೆದಿಲ್ಲ. ಮಕ್ಕಳ ತಪಾಸಣೆ ಎನ್ನುತ್ತೇವೆ, ಒಪ್ಪಿಗೆ ಕೊಡುವವರು ದೊಡ್ಡವರು, ಸುದ್ದಿ ಹೊತ್ತು ತಿರುಗಬೇಕಾದ್ದು ಮಗು.

ಔಷಧಿ ಬಂದಿದೆಯಲ್ಲ ಎನ್ನುತ್ತೀರಾ? ಬಂದಿದೆ. ಟೆಪ್ಲಿಜುಮ್ಯಾಬ್ ಎಂಬ ಔಷಧಿಯನ್ನು ಅಮೆರಿಕ 2022ರ ನವೆಂಬರಿನಲ್ಲಿ, ಎರಡನೇ ಹಂತದಲ್ಲಿರುವ ಎಂಟು ವರ್ಷ ಮೇಲ್ಪಟ್ಟವರಿಗೆ ಒಪ್ಪಿತು. ಹದಿನಾಲ್ಕು ದಿನ ಸತತವಾಗಿ ರಕ್ತನಾಳದ ಮೂಲಕ ಕೊಡಬೇಕು. 76 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಅದು ಮೂರನೇ ಹಂತವನ್ನು ಸುಮಾರು ಎರಡು ವರ್ಷ ಮುಂದೂಡಿತು. ಎರಡು ವರ್ಷ ಎಂದರೆ ಕಡಿಮೆಯಲ್ಲ. ಎಂಟರ ಮಗು ಹತ್ತಾದರೆ ತನ್ನ ಸೂಜಿ ತಾನೇ ಹಿಡಿಯಬಲ್ಲದು. ಆದರೆ ಅಮೆರಿಕದಲ್ಲಿ ಘೋಷಿಸಿದ ಬೆಲೆ ಒಂದು ಸುತ್ತಿಗೆ 1,93,900 ಡಾಲರ್. ರೂಪಾಯಿಗೆ ಪರಿವರ್ತಿಸಿ ನೋಡಿ, ನಾನು ಮುಂದಿನ ವಿಷಯಕ್ಕೆ ಹೋಗುತ್ತೇನೆ.

ನಮ್ಮಲ್ಲಿ ಜನ ಹೆದರುವುದು ಸೂಜಿಗಲ್ಲ. ಲಸಿಕೆ ಹಾಕಿಸಲು ಅಂಗನವಾಡಿಯ ಮುಂದೆ ಬಿಸಿಲಲ್ಲಿ ನಿಂತ ತಾಯಂದಿರನ್ನು ನೋಡಿದವರಿಗೆ ಇದು ಗೊತ್ತು. ಅವರು ಹೆದರುವುದು ಸುದ್ದಿಗೆ. ಸುದ್ದಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ. ಟೈಪ್ 1 ಇರುವ ಹೆಣ್ಣುಮಗುವಿನ ತಾಯಿ ಬಳಗದ ಮದುವೆಗಳಲ್ಲಿ ಇನ್ಸುಲಿನ್ ಪೆನ್ನನ್ನು ಸೆರಗಿನ ಮರೆಯಲ್ಲಿ ಹಿಡಿದು ಬಚ್ಚಲು ಮನೆಗೆ ಹೋಗುವುದು ಅದಕ್ಕೆ. "ಯಾರಿಗೂ ಹೇಳ್ಬೇಡ ಕಣೇ, ನಾಳೆ ಗಂಡು ನೋಡೋಕೆ ಬಂದಾಗ ತೊಂದ್ರೆ" ಎಂದು ಎಂಟು ವರ್ಷದ ಹುಡುಗಿಯ ಅಜ್ಜಿ ಹೇಳುವುದು ಅದಕ್ಕೆ. ಕಾಯಿಲೆ ಬಂದ ಮೇಲೇ ಹೀಗಿರುವಾಗ, ಬರಬಹುದು ಎಂಬ ಚೀಟಿಯನ್ನು ಯಾರು ಸಂತೋಷದಿಂದ ಮನೆಗೆ ತರುತ್ತಾರೆ?

ಇದು ನಮ್ಮೊಬ್ಬರ ಕತೆಯಲ್ಲ. ಗ್ರೀಸಿನ ಆರ್ಖೊಮೆನೊಸ್‌ನಲ್ಲಿ, ಹಿರಿಯರು ನೋಡಿ ಮದುವೆ ಮಾಡುತ್ತಿದ್ದ ಕಾಲದಲ್ಲಿ, ಕುಡಗೋಲು ಕಣ ರಕ್ತಹೀನತೆಯ ತಪಾಸಣೆ ನಡೆಸಿದರು. ಒಳ್ಳೆಯ ಉದ್ದೇಶ. ಕೆಲವು ವರ್ಷಗಳ ಬಳಿಕ ಹೋಗಿ ನೋಡಿದರೆ ರೋಗವಾಹಕರೆಂದು ಗುರುತಾದವರು ಕಳಂಕ ಹೊತ್ತಿದ್ದರು, ಕೆಲವರು ಫಲಿತಾಂಶವನ್ನೇ ಮುಚ್ಚಿಟ್ಟು ಮದುವೆಯಾಗಿದ್ದರು. ನಮ್ಮ ದೇಶ ಅದೇ ಕಾಯಿಲೆಗೆ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನ ಶುರುಮಾಡಿದೆ. ನಲವತ್ತು ವರ್ಷದವರೆಗಿನ ಏಳು ಕೋಟಿ ಜನರನ್ನು ಪರೀಕ್ಷಿಸುವ ಗುರಿ, ಫಲಿತಾಂಶಕ್ಕೆ ತಕ್ಕ ಬಣ್ಣದ ಕಾರ್ಡು. ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿಗಳಿಗೂ ಸಂಬಂಧಿಸಿದ ವಿಷಯ ಇದು. ಕಾರ್ಡಿನ ಉಪಯೋಗಗಳಲ್ಲಿ ಮದುವೆಗೆ ಮುಂಚಿನ ಸಲಹೆಯೂ ಒಂದು. ಆ ಕಾರ್ಡು ಹಾಡಿಯ ಹುಡುಗಿಯ ಬದುಕಿನಲ್ಲಿ ಸಲಹೆಯಾಗಿ ಉಳಿಯುತ್ತದೋ ಹಣೆಪಟ್ಟಿಯಾಗುತ್ತದೋ ಎಂಬುದನ್ನು ಈಗಲೇ ಯಾರಾದರೂ ಗಮನಿಸುತ್ತ ಬರಬೇಕು. ಮಕ್ಕಳ ಮಧುಮೇಹದ ತಪಾಸಣೆಯನ್ನು ನಾಳೆ ನಮ್ಮಲ್ಲಿ ತರಲು ಹೊರಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಮ್ಯೂನಿಕ್‌ನಲ್ಲೂ ಸಿಗುವುದಿಲ್ಲ.

ಇನ್ನು ವಿಮೆ. ಮೊದಲೇ ಇದ್ದ ಕಾಯಿಲೆಗೆ ಆರೋಗ್ಯ ವಿಮೆಯಲ್ಲಿ ಕಾಯಬೇಕಾದ ಗರಿಷ್ಠ ಅವಧಿಯನ್ನು 2024ರಲ್ಲಿ ಮೂರು ವರ್ಷಕ್ಕೆ ಇಳಿಸಿದ್ದಾರೆ, ಸಂತೋಷ. ಆದರೆ ಎರಡು ಆಂಟಿಬಾಡಿ ಇರುವ, ಸಕ್ಕರೆ ಸರಿಯಾಗಿಯೇ ಇರುವ ಮಗುವಿಗೆ 'ಮೊದಲೇ ಕಾಯಿಲೆ ಇತ್ತು' ಎನ್ನುವಿರಾ, ಇಲ್ಲವಾ? ವೈದ್ಯರು ಅದನ್ನು ಮೊದಲ ಹಂತದ ಕಾಯಿಲೆ ಎಂದು ಕರೆದ ಕ್ಷಣದಿಂದ ವಿಮಾ ಏಜೆಂಟನೂ ಹಾಗೇ ಕರೆಯಲು ಕಾಯುತ್ತಿರುತ್ತಾನೆ. ವಿಮಾ ಪ್ರಾಧಿಕಾರ ಇದನ್ನು ಸ್ಪಷ್ಟವಾಗಿ ಬರೆದುಕೊಡುವ ತನಕ, ಪರೀಕ್ಷೆ ಬೇಡ ಎನ್ನುವ ತಂದೆಯನ್ನು ಮೂಢ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಹಾಗಾದರೆ ಕರ್ನಾಟಕದಲ್ಲಿ ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಬೇಕೇ? ಈಗ ಬೇಡ ಎನ್ನುವ ಗುಂಪಿಗೆ ನಾನು ಸೇರಿದವನು. ಕಾರಣ ಲೆಕ್ಕ. ನಮ್ಮ ರಾಜ್ಯದ್ದೇ ಒಂದು ಟೈಪ್ 1 ನೋಂದಣಿ 13 ವರ್ಷ ಕಲೆಹಾಕಿದ ಮಾಹಿತಿಯ ಪ್ರಕಾರ ವರ್ಷಕ್ಕೆ ಲಕ್ಷ ಹುಡುಗರಲ್ಲಿ 3.7, ಲಕ್ಷ ಹುಡುಗಿಯರಲ್ಲಿ 4 ಹೊಸ ಪ್ರಕರಣಗಳು. ಫಿನ್ಲೆಂಡಿನಲ್ಲಿ ಇದು ಲಕ್ಷಕ್ಕೆ 50 ದಾಟುತ್ತದೆ. ಅದರ ಹಿಂದಿನ ಸ್ಥಾನ ಇಟಲಿಯ ಸಾರ್ಡಿನಿಯಾ ದ್ವೀಪದ್ದು. ಬವೇರಿಯಾದಲ್ಲಿ ಸಾವಿರ ಬೆರಳು ಚುಚ್ಚಿದರೆ ಮೂರು ಮಕ್ಕಳು ಸಿಗುತ್ತಾರೆ. ನಮ್ಮಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಸಿಗಬಹುದು. ಜೊತೆಗೆ ಭಾರತೀಯ ಮಕ್ಕಳಲ್ಲಿ ಈ ಆಂಟಿಬಾಡಿಗಳು ಯುರೋಪಿನ ಮಕ್ಕಳಲ್ಲಿ ನಡೆದುಕೊಂಡಂತೆಯೇ ನಡೆದುಕೊಳ್ಳುತ್ತವೆ ಎಂದು ಕಣ್ಣು ಮುಚ್ಚಿ ನಂಬುವಂತಿಲ್ಲ.

ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ಪ್ರಮಾಣ ಕಡಿಮೆಯಾದರೂ ತಲೆ ಎಣಿಸಿದರೆ ನಾವೇ ಮುಂದೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ವರದಿಯಂತೆ ಇಪ್ಪತ್ತು ವರ್ಷದೊಳಗಿನ ಟೈಪ್ 1 ಮಕ್ಕಳು ಜಗತ್ತಿನಲ್ಲೇ ಹೆಚ್ಚಿರುವುದು ಭಾರತದಲ್ಲಿ, ಎರಡು ಲಕ್ಷಕ್ಕೂ ಮೇಲೆ. ಇವರಲ್ಲಿ ಎಷ್ಟೋ ಮನೆಗಳಿಗೆ ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡುವ ಸ್ಟ್ರಿಪ್ಪಿನ ಖರ್ಚೇ ದೊಡ್ಡದು. ಇರುವ ಮಕ್ಕಳಿಗೇ ಸ್ಟ್ರಿಪ್ ಕೊಡಲಾಗದ ವ್ಯವಸ್ಥೆ, ಬರಲಿರುವವರನ್ನು ಹುಡುಕಿ ತಂದು ಏನು ಹೇಳುತ್ತದೆ?

ಇಲ್ಲಿ ಇಟಲಿಯದೇ ಇನ್ನೊಂದು ಕತೆ ನಮಗೆ ಹೆಚ್ಚು ಹತ್ತಿರದ್ದು. ಅದಕ್ಕೆ ಕಾನೂನೂ ಇರಲಿಲ್ಲ, ಲ್ಯಾಬೂ ಇರಲಿಲ್ಲ. 1990ರ ದಶಕದ ಆರಂಭದಲ್ಲಿ ಪಾರ್ಮಾ ಪ್ರಾಂತ್ಯದ ಮಕ್ಕಳ ವೈದ್ಯ ಮೌರಿಝಿಯೊ ವನೆಲ್ಲಿ ಮತ್ತು ಜೊತೆಗಾರರು ಒಂದು ಪೋಸ್ಟರ್ ಮಾಡಿಸಿದರು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡತೊಡಗಿದೆಯೇ, ಬಹಳ ನೀರು ಕುಡಿಯುತ್ತಿದೆಯೇ, ಬಹಳ ಮೂತ್ರ ಮಾಡುತ್ತಿದೆಯೇ, ಹಾಗಾದರೆ ಮಧುಮೇಹ ಇರಬಹುದು, ಪರೀಕ್ಷೆ ಮಾಡಿಸಿ. ಪೋಸ್ಟರನ್ನು ಶಾಲೆಗಳಲ್ಲಿ ಅಂಟಿಸಿದರು. ಮಕ್ಕಳ ಡಾಕ್ಟರುಗಳಿಗೆ ಸಕ್ಕರೆ ನೋಡುವ ಸಾಮಗ್ರಿ ಕೊಟ್ಟರು, ಪೋಷಕರಿಗೂ ಡಾಕ್ಟರುಗಳಿಗೂ ಫೋನ್ ಮಾಡಲು ಒಂದು ನಂಬರು ಕೊಟ್ಟರು. ಅದಕ್ಕೆ ಮುಂಚೆ ಅಲ್ಲಿ ಹೊಸದಾಗಿ ಮಧುಮೇಹ ಬಂದ ಮಕ್ಕಳಲ್ಲಿ ಮುಕ್ಕಾಲಕ್ಕೂ ಹೆಚ್ಚು ಮಂದಿ ಡಿಕೆಎಯಲ್ಲೇ ಬರುತ್ತಿದ್ದರು. ಪೋಸ್ಟರ್ ಬಂದ ನಂತರದ ವರ್ಷಗಳಲ್ಲಿ ಎಂಟರಲ್ಲಿ ಒಬ್ಬರು. ಒಂದು ಒದ್ದೆ ಹಾಸಿಗೆಯ ಚಿತ್ರ ಮಾಡಿದ ಕೆಲಸ ಇದು. 1999ರಲ್ಲೇ ಪ್ರಕಟವಾಗಿದೆ, ಪೇಟೆಂಟ್ ಇಲ್ಲ, ಯಾರು ಬೇಕಾದರೂ ನಕಲು ಮಾಡಬಹುದು.

ನಮ್ಮಲ್ಲಿ ಇದಕ್ಕೆ ಬೇಕಾದ ಎಲ್ಲವೂ ಬಿಡಿಬಿಡಿಯಾಗಿ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗೆ, ಅಂಗನವಾಡಿಗೆ ಹೋಗಿ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ನೋಡುತ್ತವೆ. ಹಲ್ಲು ನೋಡುತ್ತಾರೆ, ಕಿವಿ ನೋಡುತ್ತಾರೆ, ಹೃದಯ ನೋಡುತ್ತಾರೆ. ಆರಂಭದಲ್ಲಿ ಪಟ್ಟಿಮಾಡಿದ ಮೂವತ್ತು ತೊಂದರೆಗಳಲ್ಲಿ ಮಧುಮೇಹ ಇರಲಿಲ್ಲ. ಆರೋಗ್ಯ ಕೇಂದ್ರದಲ್ಲಿ ಗ್ಲೂಕೋಮೀಟರ್ ಇದೆ, ಆದರೆ ಅದು ಮೂವತ್ತು ದಾಟಿದವರ ತಪಾಸಣೆಗೆಂದು ಬಂದದ್ದು. ಆಶಾ ಕಾರ್ಯಕರ್ತೆಗೆ ಮನೆಮನೆಯ ವಿಷಯ ಗೊತ್ತು, ಯಾವ ಮಗು ಸೊರಗಿದೆ ಎಂಬುದೂ ಗೊತ್ತು. ಮಗುವಿಗೆ ಶುಗರ್ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಎಂದು ಬಂದ ಯಾವ ಮಗುವಿಗೂ ಬೆರಳು ಚುಚ್ಚಿ ಸಕ್ಕರೆ ನೋಡದೆ ಗ್ಲೂಕೋಸ್ ಡ್ರಿಪ್ ಏರಿಸಬಾರದು ಎಂದು ಆರೋಗ್ಯ ಇಲಾಖೆ ಒಂದು ಸಾಲಿನ ಸುತ್ತೋಲೆ ಹೊರಡಿಸಿದರೆ, ಮತ್ತು ಅದು ಖಾಸಗಿ ಕ್ಲಿನಿಕ್ಕುಗಳ ಗೋಡೆಯ ಮೇಲೂ ಬಿದ್ದರೆ, ಅಲ್ಲಿಂದ ಶುರುವಾಗಲಿ. ಶಾಲೆಗಳ ವಿಷಯದಲ್ಲಿ ಸಿಬಿಎಸ್‌ಇ 2017ರಲ್ಲೇ ಟೈಪ್ 1 ಮಕ್ಕಳು ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಲು ಬಿಟ್ಟಿದೆ. ಆ ಸುತ್ತೋಲೆಯನ್ನು ಓದಿರುವ ಮುಖ್ಯೋಪಾಧ್ಯಾಯರು ಎಷ್ಟು ಮಂದಿ ಎಂದು ನಿಮ್ಮ ಮಕ್ಕಳ ಶಾಲೆಯಲ್ಲಿ ಕೇಳಿ ನೋಡಿ, ಮನರಂಜನೆಯಾಗುತ್ತದೆ.

ಇಟಲಿಯವರೂ ಕಾನೂನು ಮಾಡಿದ ಮರುದಿನವೇ ಮಕ್ಕಳನ್ನು ಸಾಲಾಗಿ ನಿಲ್ಲಿಸಲಿಲ್ಲ ಎಂಬುದನ್ನು ಗಮನಿಸಬೇಕು. ಮೊದಲು ಲೊಂಬಾರ್ಡಿ, ಮಾರ್ಕೆ, ಕಂಪಾನಿಯಾ, ಸಾರ್ಡಿನಿಯಾ ಎಂಬ ನಾಲ್ಕು ಪ್ರದೇಶಗಳಲ್ಲಿ, ಮನೆಯ ಮಕ್ಕಳ ಡಾಕ್ಟರುಗಳ ಮೂಲಕ, ಎರಡು, ಆರು ಮತ್ತು ಹತ್ತು ವರ್ಷದ ಮಕ್ಕಳಲ್ಲಿ ಪ್ರಯೋಗ ಮಾಡಿ ನೋಡಿದರು. ಪೋಷಕರು ಒಪ್ಪುತ್ತಾರೋ ಇಲ್ಲವೋ, ಫಲಿತಾಂಶ ಹೇಳುವವರು ಯಾರು, ಹೇಳಿದ ಮೇಲೆ ಎಲ್ಲಿಗೆ ಕಳಿಸಬೇಕು ಎಂಬುದು ಗೊತ್ತಾಗುವುದು ಇಂಥ ಪ್ರಯೋಗದಿಂದಲೇ. ಬ್ರಿಟನ್ನಿನಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ 'ಎಲ್ಸಾ' ಅಧ್ಯಯನವೂ ಮಕ್ಕಳ ರಕ್ತ ತೆಗೆಯುವುದರ ಜೊತೆಗೆ ತಂದೆ ತಾಯಂದಿರನ್ನು, ಡಾಕ್ಟರುಗಳನ್ನು ಕೂರಿಸಿ ಮಾತನಾಡಿಸಿತು. ಅಲ್ಲಿನ ಹೆಚ್ಚಿನ ಪೋಷಕರು ಪರೀಕ್ಷೆಯ ಪರವಾಗಿದ್ದರು. ಸಿದ್ಧತೆಗೆ ಸಮಯ ಸಿಗುತ್ತದೆ ಎಂಬುದು ಅವರ ಕಾರಣ. ಅವರಿಗೆ ಆ ಭರವಸೆ ಇತ್ತು, ಏಕೆಂದರೆ ಇನ್ಸುಲಿನ್ ಅಲ್ಲಿ ಉಚಿತ.

ಕೊನೆಯದಾಗಿ, ಈ ವಾರ ಒಬ್ಬ ಓದುಗರು ಕೇಳಿರುವ ಪ್ರಶ್ನೆ. ಅವರ ಹಿರಿಯ ಮಗನಿಗೆ ಟೈಪ್ 1 ಇದೆ. ಕಿರಿಯ ಮಗಳಿಗೆ ಐದು ವರ್ಷ, ಅವಳಿಗೆ ಆಂಟಿಬಾಡಿ ಪರೀಕ್ಷೆ ಮಾಡಿಸಬೇಕೇ? ಇಲ್ಲಿ ನನ್ನ 'ಈಗ ಬೇಡ' ಅನ್ವಯಿಸುವುದಿಲ್ಲ. ಟೈಪ್ 1 ಬರುವ ಹತ್ತು ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂಬತ್ತು ಮಂದಿಗೆ ಮನೆಯಲ್ಲಿ ಅದರ ಇತಿಹಾಸವೇ ಇರುವುದಿಲ್ಲ ನಿಜ. ಆದರೆ ಒಡಹುಟ್ಟಿದವರಿಗೆ ಇದ್ದರೆ, ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ, ನೂರಕ್ಕೆ ಸುಮಾರು ಐವರಿಗೆ ಬರುತ್ತದೆ. ಆದ್ದರಿಂದ ಮಗನನ್ನು ನೋಡುತ್ತಿರುವ ಡಾಕ್ಟರನ್ನೇ ಕೇಳಿ. ಕೇಳುವಾಗ ಮೂರು ವಿಷಯ ನೆನಪಿರಲಿ. ಜಿಎಡಿ ಒಂದನ್ನೇ ನೋಡಿ ತೀರ್ಮಾನಿಸಬೇಡಿ, ಪಾಸಿಟಿವ್ ಬಂದರೆ ಇನ್ನೊಮ್ಮೆ ರಕ್ತ ಕೊಟ್ಟು ಖಚಿತಪಡಿಸಿಕೊಳ್ಳಿ. ಒಮ್ಮೆ ನೆಗೆಟಿವ್ ಬಂದರೆ ಆಯುಷ್ಯಕ್ಕಾಯಿತು ಎಂದಲ್ಲ, ಇಟಲಿಯವರು ಎರಡು, ಆರು, ಹತ್ತು ಎಂದು ಬೇರೆ ಬೇರೆ ವಯಸ್ಸು ಆರಿಸಿಕೊಂಡದ್ದು ಅದಕ್ಕೇ. ಫಲಿತಾಂಶ ಏನೇ ಬರಲಿ ಅವಳ ತಟ್ಟೆಯಿಂದ ಯಾವುದನ್ನೂ ತೆಗೆಯಬೇಡಿ. ಪರೀಕ್ಷೆ ಬೇಡವೆಂದು ತೀರ್ಮಾನಿಸಿದರೂ ಸರಿಯೇ. ಗ್ಲೂಕೋಮೀಟರ್ ಹೇಗೂ ಮನೆಯಲ್ಲಿದೆ. ಅವಳು ಹಾಸಿಗೆ ಒದ್ದೆ ಮಾಡಿಕೊಂಡ ಬೆಳಿಗ್ಗೆ ಬೈಯುವ ಮೊದಲು ಅಣ್ಣನ ಡಬ್ಬಿಯಿಂದ ಒಂದು ಸ್ಟ್ರಿಪ್ ತೆಗೆದು ಅವಳ ಬೆರಳಿಗೂ ಹಾಕಿ ನೋಡಿ, 200 ದಾಟಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.